ಐಪೀಸಿನಲ್ಲಿ ಕಂಡ ಚಂದ್ರ ಕ್ಯಾಮೆರಾಕ್ಕೆ ಏಕೆ ಸಿಗುವುದಿಲ್ಲ?

ದಾವಣಗೆರೆಯಿಂದ ಕೇಳಿದವರು:

ನನ್ನಲ್ಲಿ ಆರು ಇಂಚಿನ ಕನ್ನಡಿಯ ಟೆಲಿಸ್ಕೋಪ್ ಇದೆ, ಸಂಗಮದೂರ 750 ಮಿ.ಮೀ. ಕಣ್ಣಿಟ್ಟು ನೋಡುವ ಐಪೀಸಿನಲ್ಲಿ ಚಂದ್ರನ ಕುಳಿಗಳು ಕೆತ್ತಿಟ್ಟ ಹಾಗೆ ಕಾಣುತ್ತವೆ. ಕ್ಯಾಮೆರಾ ಕೂರಿಸುವ ಟಿ-ರಿಂಗ್ ಹಾಕಿ ಡಿಎಸ್‌ಎಲ್‌ಆರ್ ಜೋಡಿಸಿದರೆ ಮಾತ್ರ ಫೋಕಸ್ ಆಗುವುದೇ ಇಲ್ಲ. ಫೋಕಸ್ ಕೊಳವೆಯನ್ನು ಪೂರ್ತಿ ಒಳಗೆ ತಳ್ಳಿದರೂ ಚಂದ್ರ ಬೆಣ್ಣೆಮುದ್ದೆಯಂತೆ ಬೆಳ್ಳಗೆ ಕರಗಿರುತ್ತಾನೆ. ಎರಡು ಹುಣ್ಣಿಮೆ ಹೀಗೇ ಹೋದವು. ಅನುಭವವಿದ್ದವರು ದಾರಿ ಹೇಳಿ.

ಹರಿಹರದಿಂದ:

ನಾನೂ ಇದೇ ಹಳ್ಳಕ್ಕೆ ಬಿದ್ದವನು. ಟೆಲಿಸ್ಕೋಪ್ ಕೆಟ್ಟಿಲ್ಲ, ಮಾರಬೇಡಿ. ಕ್ಯಾಮೆರಾದ ಸೆನ್ಸಾರ್ ಅದರ ಬಾಯಿಯಿಂದ ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಒಳಗೆ ಕುಳಿತಿರುತ್ತದೆ. ಕನ್ನಡಿ ಮೂಡಿಸುವ ಬಿಂಬ ಅಲ್ಲಿಯವರೆಗೆ ಮುಟ್ಟುವುದಿಲ್ಲ. ನಡುವೆ ಬಿಂಬವನ್ನು ಎರಡು ಪಟ್ಟು ಹಿಗ್ಗಿಸುವ ಬಾರ್ಲೋ ಲೆನ್ಸ್ ಹಾಕಿ, ಬಿಂಬ ಹೊರಗೆ ಸರಿಯುತ್ತದೆ. ಸಂಗಮದೂರವೂ 1500 ಮಿ.ಮೀ. ಆಗಿ, ಸೆನ್ಸಾರಿನ ಮೇಲೆ ಚಂದ್ರ ಸುಮಾರು 14 ಮಿ.ಮೀ. ಅಗಲಕ್ಕೆ ಬೀಳುತ್ತಾನೆ. ಸಾಮಾನ್ಯ ಡಿಎಸ್‌ಎಲ್‌ಆರ್ ಸೆನ್ಸಾರಿನ ಎತ್ತರವೇ 15ರ ಆಸುಪಾಸು, ಅಂಚಿಗೆ ಅಂಚು ಹಿಡಿಸುತ್ತದೆ. ಕೆಲವರು ಮುಖ್ಯ ಕನ್ನಡಿಯನ್ನೇ ಮೇಲಕ್ಕೆ ಸರಿಸುತ್ತಾರೆ. ನಾನು ಆ ಸ್ಕ್ರೂ ಬಿಚ್ಚಿದವನು ಕನ್ನಡಿಯನ್ನು ಮತ್ತೆ ನೇರ ಕೂರಿಸಲು ಒಂದು ತಿಂಗಳು ಒದ್ದಾಡಿದೆ. ನೀವು ಆ ಗೊಡವೆಗೆ ಹೋಗಬೇಡಿ.

ಬೆಳ್ಳಗಾಗುವುದಕ್ಕೆ ಕಾರಣ ಬೇರೆ. ಸುತ್ತಲಿನ ಕಪ್ಪು ಆಕಾಶ ನೋಡಿ ಕ್ಯಾಮೆರಾ ರಾತ್ರಿ ಎಂದುಕೊಳ್ಳುತ್ತದೆ. ಚಂದ್ರನ ಮೇಲೆ ಬಿದ್ದಿರುವುದು ಬಿಸಿಲು! ಆಟೋ ಬಿಟ್ಟುಬಿಡಿ. ಬಾರ್ಲೋ ಸಹಿತ ಐಎಸ್‌ಒ (ಬೆಳಕಿಗೆ ಸೆನ್ಸಾರಿನ ಸೂಕ್ಷ್ಮತೆ) 400 ಇಟ್ಟು, ಶಟರ್ ವೇಗವನ್ನು ಅಷ್ಟಮಿಗೆ ಸೆಕೆಂಡಿನ 1/100, ಹುಣ್ಣಿಮೆಗೆ 1/500ರಿಂದ ಶುರುಮಾಡಿ.

ಚಿತ್ರದುರ್ಗದಿಂದ:

ಹುಣ್ಣಿಮೆಗೇ ಏಕೆ ಕಾಯುತ್ತೀರಿ? ಅಂದು ನೆರಳೇ ಇರುವುದಿಲ್ಲ, ಚಂದ್ರ ಸುಣ್ಣ ಬಳಿದ ಗೋಡೆ. ಶುಕ್ಲಪಕ್ಷದ ಅಷ್ಟಮಿಯಿಂದ ದಶಮಿಯವರೆಗೆ ಬೆಳಕು ಕತ್ತಲೆಯ ಗಡಿಯನ್ನು ಹಿಡಿಯಿರಿ. ದಶಮಿಯ ಹೊತ್ತಿಗೆ ಕೋಪರ್ನಿಕಸ್ ಕುಳಿಗೆ ಬಿಸಿಲು ಇಳಿಯುತ್ತದೆ. ಅಗಲ 93 ಕಿ.ಮೀ.; ನಿಮ್ಮೂರಿನಿಂದ ನಮ್ಮ ಕೋಟೆಗೆ ಬಂದು ಅರ್ಧ ದಾರಿ ಮರಳಿದಷ್ಟು.

ನಮ್ಮ ಮನೆ ಬೆಟ್ಟದ ಬುಡದಲ್ಲಿದೆ. ಬೇಸಿಗೆಯಲ್ಲಿ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಕಕ್ಕುತ್ತದೆ, ಚಂದ್ರ ಹರಿಯುವ ನೀರಿನ ತಳದ ನಾಣ್ಯದಂತೆ ನಡುಗುತ್ತಾನೆ. ಕಾಂಕ್ರೀಟ್ ತಾರಸಿಯೂ ಅಷ್ಟೇ. ಮಣ್ಣಿನ ಅಂಗಳಕ್ಕೆ ಇಳಿಸಿ, ಕನ್ನಡಿ ಹೊರಗಿನ ಗಾಳಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬಿಡಿ.

ಚಳ್ಳಕೆರೆಯಿಂದ:

ಶಟರನ್ನು ಬೆರಳಿನಿಂದ ಒತ್ತಬೇಡಿ, ಟೈಮರ್ ಇಡಿ. ಒಂದೇ ಚಿತ್ರವನ್ನು ನಂಬುವುದಕ್ಕಿಂತ ಒಂದು ನಿಮಿಷದ ವಿಡಿಯೊ ಮೇಲು. ಆಟೋಸ್ಟ್ಯಾಕರ್ಟ್ ಎಂಬ ಉಚಿತ ತಂತ್ರಾಂಶ ಅದರಲ್ಲಿ ನಡುಗದ ಚೌಕಟ್ಟುಗಳನ್ನಷ್ಟೇ ಆರಿಸಿ ಒಂದರ ಮೇಲೊಂದು ಪೇರಿಸುತ್ತದೆ. ಮೋಟಾರ್ ಇಲ್ಲದಿದ್ದರೆ ಚಂದ್ರ ಎರಡು ನಿಮಿಷದಲ್ಲಿ ತನ್ನ ಅಗಲದಷ್ಟು ಸರಿದುಹೋಗುತ್ತಾನೆ, ಸ್ವಲ್ಪ ಮುಂದೆ ಗುರಿಯಿಟ್ಟು ಕಾಯಿರಿ. ಚಂದ್ರಯಾನದ ಲ್ಯಾಂಡರ್ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೋ ಕೃತಕ ಕುಳಿ ತೋಡಿದ್ದು ನಮ್ಮ ಉಳ್ಳಾರ್ತಿ ಕಾವಲಿನಲ್ಲಿ. ಹಾಗಾಗಿ ಕುಳಿಯ ವಿಷಯದಲ್ಲಿ ನಮ್ಮೂರಿನ ಮಾತಿಗೆ ತುಸು ತೂಕ ಕೊಡಿ!

ಮತ್ತೆ ದಾವಣಗೆರೆಯಿಂದ:

ಬಾರ್ಲೋ ತರಿಸಿದೆ. ನಿನ್ನೆ ನವಮಿ, ತಾರಸಿ ಬಿಟ್ಟು ಹಿತ್ತಲಿಗೆ ಇಳಿಸಿದೆ. ಫೋಕಸ್ ಸಿಕ್ಕಿತು. ಗಾಳಿಗೆ ಟ್ರೈಪಾಡ್ ಅಲುಗಿ ಒಂದು ಅಂಚು ಚೌಕಟ್ಟಿನಿಂದ ತಪ್ಪಿದೆ, ಆದರೆ ದಕ್ಷಿಣದ ಕ್ಲೇವಿಯಸ್ ಕುಳಿಯ ಒಳಗೆ ಬಾಗಿದ ಸಾಲಿನಲ್ಲಿ ಚಿಕ್ಕದಾಗುತ್ತ ಹೋಗುವ ಮರಿಕುಳಿಗಳು ನಾಲ್ಕು ಎಣಿಕೆಗೆ ಸಿಕ್ಕವು. ಅಮ್ಮ ಪರದೆಯನ್ನು ನೋಡಿ, "ಪಡ್ಡಿನ ಹಂಚಿನ ಹಾಗಿದೆಯಲ್ಲೋ" ಎಂದರು. ಇಂದು ದಶಮಿ. ಕೋಪರ್ನಿಕಸ್ ಹಿಡಿಯೋಣವೆಂದರೆ ಸಂಜೆಯಿಂದ ಮೋಡ.