ದೊಡ್ಡ ಮಗುವನ್ನು ದತ್ತು ತೆಗೆದುಕೊಂಡವರು ಇದ್ದೀರಾ? ನಿಮ್ಮ ಅನುಭವ ಬೇಕಿತ್ತು

ಕೇಳಿದವರು, ಬೆಂಗಳೂರು

ಕಳೆದ ಭಾನುವಾರ ನಾಲ್ಕು ಮನೆಯವರು ಸೇರಿ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿದ್ದೆವು. ಮಕ್ಕಳೇ ಏಳು ಜನ. ನಮಗೆ ಮಾತ್ರ ಮಕ್ಕಳಿಲ್ಲ. ಗೆಳತಿಯ ಏಳು ವರ್ಷದ ಮಗಳು ಇಡೀ ದಿನ ನನ್ನ ಕೈ ಬಿಡಲಿಲ್ಲ. ಸಿಕ್ಕ ಬಟನ್ನೆಲ್ಲ ಒತ್ತಿ "ಆಂಟಿ, ಇದು ಯಾಕೆ ತಿರುಗುತ್ತೆ?" ಅಂತ ಕೇಳುತ್ತಲೇ ಇದ್ದಳು. ವಾಪಸ್ ಬರುವಾಗ ನಾನು ಬಾಯಿ ತೆರೆಯುವ ಮೊದಲೇ ನಮ್ಮವರು "ಕೂಸೇ ಆಗಬೇಕು ಅಂತೇನಿಲ್ಲ ಅಲ್ವಾ?" ಎಂದರು. ನನಗೆ 41, ಅವರಿಗೆ 44. ಆರರಿಂದ ಎಂಟು ವರ್ಷದ ಮಗುವನ್ನು ದತ್ತು ತೆಗೆದುಕೊಳ್ಳುವ ಆಸೆ. ನಮ್ಮತ್ತೆ "ಬುದ್ಧಿ ಬಂದ ಮಗು ನಮ್ಮದಾಗುತ್ತಾ?" ಅಂತ ಕೇಳುತ್ತಿದ್ದಾರೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ. ಕಷ್ಟದ್ದನ್ನೂ ಹೇಳಿ.

ಹದಿನೈದು ವರ್ಷದ ಮಗಳ ಅಮ್ಮ, ಬೆಂಗಳೂರು

ನಮ್ಮ ಮಗಳು 2017ರಲ್ಲಿ ಮನೆಗೆ ಬಂದಾಗ ಅವಳಿಗೆ ಏಳು ವರ್ಷ. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ನೀವು ಬರೆದದ್ದನ್ನು ಎರಡು ಸಲ ಓದಿದೆ, ಯಾಕೆಂದರೆ ನಮ್ಮ ಕಥೆಯಲ್ಲೂ ಅದೇ ಮ್ಯೂಸಿಯಂ ಇದೆ.

ಮೊದಲು ಒಂದು ಮಾತು. ನಿಮ್ಮ ಗೆಳತಿಯ ಮಗಳು ದಿನವಿಡೀ ನಿಮ್ಮ ಕೈ ಹಿಡಿದಿದ್ದಳು ಅಂದಿರಲ್ಲ, ಅವಳ ಅಮ್ಮ ಹತ್ತು ಹೆಜ್ಜೆ ದೂರದಲ್ಲೇ ಇದ್ದಳು. ಆ ಧೈರ್ಯದಿಂದಲೇ ಅವಳು ನಿಮ್ಮ ಕೈ ಹಿಡಿದದ್ದು. ನಿಮ್ಮ ಮನೆಗೆ ಬರುವ ಮಗುವಿಗೆ ಆ ಹತ್ತು ಹೆಜ್ಜೆ ದೂರದಲ್ಲಿ ಯಾರೂ ಇರುವುದಿಲ್ಲ. ನಾನು ಇದನ್ನು ತಡವಾಗಿ ಕಲಿತೆ.

ಮಗಳು ಬಂದು ಮೂರು ವಾರ ಆಗಿತ್ತು. ಗೆಳತಿಯರೆಲ್ಲ ನೋಡಬೇಕು ಅಂದರು. ಮನೆಗೆ ಕರೆಯುವುದಕ್ಕಿಂತ ಹೊರಗೆ ಹೋದರೆ ಮಗುವಿಗೂ ಖುಷಿ ಅಂದುಕೊಂಡು ಎಲ್ಲರೂ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋದೆವು. ಅವಳು ಎಲ್ಲರ ಜೊತೆ ಹೋದಳು. ಯಾರು ಕೈ ಚಾಚಿದರೂ ಹಿಡಿದಳು. ಇಬ್ಬರು ಗೆಳತಿಯರನ್ನು ಕೇಳದೆಯೇ "ಅಮ್ಮ" ಎಂದಳು. "ಎಷ್ಟು ಬೇಗ ಹೊಂದಿಕೊಂಡುಬಿಟ್ಟಳು ಕಣೇ!" ಎಂದು ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನೂ ಹಿಗ್ಗಿದೆ.

ಹನ್ನೆರಡು ಗಂಟೆ ಸುಮಾರಿಗೆ ನೋಡಿದರೆ ಅವಳಿಲ್ಲ. ಮೇಲೆ ಕೆಳಗೆ ಓಡಿದೆವು. ಐದು ನಿಮಿಷವೋ ಏಳು ನಿಮಿಷವೋ, ನನಗೆ ಲೆಕ್ಕ ಸಿಗಲಿಲ್ಲ. ಕೊನೆಗೆ ಮೆಟ್ಟಿಲ ಹತ್ತಿರ ಸಿಕ್ಕಿದಳು. ಯಾವುದೋ ಶಾಲೆಯ ಮಕ್ಕಳು ನೀಲಿ ಯೂನಿಫಾರ್ಮಿನಲ್ಲಿ ಸಾಲಾಗಿ ನಿಂತಿದ್ದರು. ಆ ಸಾಲಿನ ಕೊನೆಯಲ್ಲಿ ಹಳದಿ ಫ್ರಾಕಿನ ನನ್ನ ಮಗಳು. ಬಲಗೈ ಮುಂದಿನ ಹುಡುಗಿಯ ಭುಜದ ಮೇಲೆ. ಎಡಗೈ ಫ್ರಾಕಿಗೆ ಅಂಟಿಕೊಂಡಿತ್ತು. ಸಾಲು ಹೊರಟಿದ್ದರೆ ಅವರ ಜೊತೆ ಬಸ್ಸು ಹತ್ತಿಬಿಡುತ್ತಿದ್ದಳು. ನನ್ನನ್ನು ನೋಡಿ ಭಯವೂ ಇಲ್ಲ, ಸಂತೋಷವೂ ಇಲ್ಲ. "ಲೈನ್ ಇತ್ತು ಮೇಡಂ" ಎಂದಳು, ಅಷ್ಟೇ.

ಅವಳು ಮೊದಲಿದ್ದ ಮಕ್ಕಳ ಮನೆಯಲ್ಲಿ ಊಟಕ್ಕೆ ಲೈನು, ಸ್ನಾನಕ್ಕೆ ಲೈನು, ಪ್ರಾರ್ಥನೆಗೆ ಲೈನು. ಅವಳಿಗೆ ಗೊತ್ತಿದ್ದ ಜಾಗ ಅದೊಂದೇ. ಆಮೇಲೆ ಕೌನ್ಸೆಲರ್ ಹೇಳಿದರು: ಸಂಸ್ಥೆಯಲ್ಲಿ ಬೆಳೆದ ಮಗು ಸಿಕ್ಕವರ ಕೈಯನ್ನೆಲ್ಲ ಹಿಡಿಯುವುದು ಹೊಂದಿಕೊಂಡ ಗುರುತಲ್ಲ, ಯಾರು ತನ್ನವರು ಎಂದು ಇನ್ನೂ ಗೊತ್ತಾಗಿಲ್ಲ ಎಂಬುದರ ಗುರುತು. ಹಾಗಾಗಿ ನಿಮಗೆ ನಾನು ಹೇಳುವ ಮೊದಲ ವಿಷಯ ಇದೇ. ಮೊದಲ ಮೂರ್ನಾಲ್ಕು ತಿಂಗಳು ಗುಂಪು ಬೇಡ, ನಾಮಕರಣ ಬೇಡ, "ಎಲ್ಲರೂ ಬಂದು ನೋಡಿಹೋಗಿ" ಬೇಡ. ಊಟ ಬಡಿಸುವುದು, ತಲೆ ಬಾಚುವುದು, ಬಿದ್ದಾಗ ಎತ್ತುವುದು ನೀವಿಬ್ಬರೇ ಮಾಡಿ. ಅಜ್ಜಿಗೆ ಬೇಜಾರಾಗುತ್ತೆ. ಆಗಲಿ, ಆಮೇಲೆ ಸರಿಹೋಗುತ್ತೆ.

ಅವತ್ತು ಮಧ್ಯಾಹ್ನ ಕಬ್ಬನ್ ಪಾರ್ಕಿನಲ್ಲಿ ಬುತ್ತಿ ಬಿಚ್ಚಿದೆವು. ಅವಳು ಹೊಟ್ಟೆ ತುಂಬಾ ತಿಂದು, ಇನ್ನೆರಡು ಪೂರಿ ಮಡಚಿ ಜೇಬಿಗೆ ಹಾಕಿಕೊಂಡಳು. ಒಬ್ಬರು ನಕ್ಕರು. ನನಗೆ ಸಿಟ್ಟು ಬಂತು, ಆದರೆ ಸುಮ್ನಿದ್ದೆ. ಮನೆಯಲ್ಲೂ ದಿಂಬಿನ ಕೆಳಗೆ ಬಿಸ್ಕತ್ತು, ಚಪಾತಿ ಸಿಗುತ್ತಿತ್ತು. ಬೈಯಲಿಲ್ಲ. ಅವಳ ಕೈಗೆಟುಕುವ ಕಡೆ ಒಂದು ಡಬ್ಬಿ ಇಟ್ಟು, "ಇದು ಯಾವಾಗಲೂ ತುಂಬಿರುತ್ತೆ, ಕೇಳಬೇಕಾಗಿಲ್ಲ" ಎಂದೆವು. ಡಬ್ಬಿ ಖಾಲಿಯಾಗದಂತೆ ನೋಡಿಕೊಂಡೆವು. ಸುಮಾರು ಏಳು ತಿಂಗಳು ಹಿಡಿಯಿತು.

ಇನ್ನು ಭಾಷೆ. ಅವಳು ಕಲಬುರಗಿ ಕಡೆಯವಳು. ನಾವು ಮಂಡ್ಯದವರು. ಮುದ್ದೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕೇಳುತ್ತಿದ್ದಳು. ಪಕ್ಕದ ಬೀದಿಯಲ್ಲಿದ್ದ ವಿಜಯಪುರದ ಹೆಂಗಸೊಬ್ಬರ ಹತ್ತಿರ ರೊಟ್ಟಿ ಬಡಿಯುವುದು ಕಲಿತೆ. ಮೊದಲ ದಿನ ರೊಟ್ಟಿ ಅಂಚೆಲ್ಲ ಹರಿದಿತ್ತು. ಅವಳು ನನ್ನ ಕೈ ಪಕ್ಕಕ್ಕೆ ಸರಿಸಿ, ಹಿಟ್ಟು ಹೇಗೆ ನಾದಬೇಕು ಅಂತ ತೋರಿಸಿಕೊಟ್ಟಳು. ಅಲ್ಲಿಯವರೆಗೆ ನಾನು ಅವಳಿಗೆ ಕೊಡುವವಳು ಮಾತ್ರ ಆಗಿದ್ದೆ. ಅವಳಿಗೆ ಹೆತ್ತವ್ವನ ನೆನಪು ಸ್ವಲ್ಪ ಇದೆ. "ಅವ್ವ" ಅನ್ನುವ ಮಾತು ಅವರಿಗೇ. ನನ್ನನ್ನು ಐದು ತಿಂಗಳು "ಮೇಡಂ" ಎಂದಳು, ಆಮೇಲೆ "ಅಮ್ಮ" ಎಂದಳು. ಎರಡೂ ಮಾತಿಗೆ ನಮ್ಮ ಮನೆಯಲ್ಲಿ ಜಾಗ ಇದೆ. ನಿಮ್ಮತ್ತೆಯವರಿಗೆ ಹೇಳಿ: ಬುದ್ಧಿ ಬಂದ ಮಗು ಹಳೆಯದನ್ನು ಮರೆತು ನಿಮ್ಮದಾಗುವುದಿಲ್ಲ. ಅದನ್ನೂ ತಗೊಂಡೇ ನಿಮ್ಮದಾಗುತ್ತೆ.

ಕಷ್ಟ ಕೇಳಿದಿರಿ. ಮೂರನೇ ತಿಂಗಳು ಶುರುವಾಯಿತು. ಬಾಚಣಿಗೆ ಎಸೆಯುವುದು, ನನ್ನ ಮೇಲೆ ಮಾತ್ರ ಕಿರುಚುವುದು, ಅಪ್ಪನ ಹತ್ತಿರ ಮುದ್ದಾಗಿರುವುದು. ಒಂದು ರಾತ್ರಿ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು "ನನ್ನಿಂದ ಆಗಲ್ಲ" ಅಂತ ಅತ್ತಿದ್ದೇನೆ. ಕೆಲಸದ ಕಡೆ ರಜೆಯೂ ಇರಲಿಲ್ಲ. 2017ರ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದುಪಡಿಯಲ್ಲಿ ದತ್ತು ತಾಯಿಗೆ 12 ವಾರ ರಜೆ ಬಂತು, ಆದರೆ ಆಗ ಮಗು ಮೂರು ತಿಂಗಳಿಗಿಂತ ಚಿಕ್ಕದಿದ್ದರೆ ಮಾತ್ರ ಎಂದಿತ್ತು. ನಾನು ಗಳಿಕೆ ರಜೆ ಎಲ್ಲ ಹಾಕಿ, ಸಾಲದೆ ಎರಡು ತಿಂಗಳು ಸಂಬಳವಿಲ್ಲದೆ ಕೂತೆ. ನೀವು ಈಗಿನಿಂದಲೇ ರಜೆ, ದುಡ್ಡು ಎರಡನ್ನೂ ಕೂಡಿಡಿ. ಒಳ್ಳೆಯ ಕೌನ್ಸೆಲರ್ ನಂಬರನ್ನು ಮಗು ಬರುವ ಮೊದಲೇ ಇಟ್ಟುಕೊಳ್ಳಿ.

ಗೃಹ ಅಧ್ಯಯನ ಮಾಡುವ ಸಮಾಜ ಕಾರ್ಯಕರ್ತೆ

ಕಾಗದದ ವಿಷಯ ನಾನು ಹೇಳುತ್ತೇನೆ. ನಿಮ್ಮಿಬ್ಬರ ವಯಸ್ಸು ಕೂಡಿದರೆ 85. ನಾಲ್ಕರಿಂದ ಎಂಟು ವರ್ಷದ ಮಗುವಿಗೆ ದಂಪತಿಯ ವಯಸ್ಸು ಸೇರಿ 100 ಮೀರಬಾರದು, ಎಂಟು ದಾಟಿದ ಮಗುವಿಗೆ 110. ಹಾಗಾಗಿ ವಯಸ್ಸಿನ ಚಿಂತೆ ಇಲ್ಲ. ಮದುವೆಯಾಗಿ ಎರಡು ವರ್ಷ ಆಗಿರಬೇಕು, ಮಗುವಿಗೂ ನಿಮಗೂ ಕನಿಷ್ಠ 25 ವರ್ಷದ ಅಂತರ ಇರಬೇಕು.

ನೋಂದಣಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ ಪೋರ್ಟಲ್‌ನಲ್ಲಿ ಮಾತ್ರ. ಆಮೇಲೆ ನಮ್ಮಂಥವರು ನಿಮ್ಮ ಮನೆಗೆ ಬರುತ್ತೇವೆ. ಮನೆ ಎಷ್ಟು ದೊಡ್ಡದು ಅಂತ ನೋಡಲು ಬರುವುದಿಲ್ಲ. ಅಜ್ಜ ಅಜ್ಜಿ ಏನನ್ನುತ್ತಾರೆ, ನೀವಿಬ್ಬರೂ ಜಗಳವಾದರೆ ಹೇಗೆ ಸರಿಮಾಡಿಕೊಳ್ಳುತ್ತೀರಿ, ಮಗು ಸುಳ್ಳು ಹೇಳಿದರೆ ಏನು ಮಾಡುತ್ತೀರಿ ಅಂತ ಕೇಳುತ್ತೇವೆ. ನಿಜ ಹೇಳಿ. ನಿಮ್ಮತ್ತೆಯವರ ಅನುಮಾನವನ್ನೂ ಮುಚ್ಚಿಡಬೇಡಿ. ಅವರನ್ನೂ ಕೂರಿಸಿ ಮಾತಾಡುವುದು ನಮ್ಮ ಕೆಲಸ. ಇದನ್ನೆಲ್ಲ ನೋಡಿ ನಾವು ಬರೆಯುವ ಗೃಹ ಅಧ್ಯಯನ ವರದಿ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ.

ಕೂಸಿಗಾದರೆ ಮೂರು ವರ್ಷಕ್ಕೂ ಜಾಸ್ತಿ ಕಾಯುವವರಿದ್ದಾರೆ. ದೊಡ್ಡ ಮಗುವಿಗೆ ಅಷ್ಟು ಕಾಯಬೇಕಾಗಿಲ್ಲ. ಹಾಗಂತ ಬೇಗ ಸಿಗುತ್ತೆ ಎಂಬ ಕಾರಣಕ್ಕೆ ದೊಡ್ಡ ಮಗು ಕೇಳುವವರನ್ನು ಕಂಡರೆ ನನಗೆ ಭಯ. ಮಗುವನ್ನು ಕರೆದುಕೊಂಡು ಹೋಗಿ ವಾಪಸ್ ತಂದುಬಿಟ್ಟ ಮನೆಗಳನ್ನು ನೋಡಿದ್ದೇನೆ. ಆ ಮಗು ಮತ್ತೆ ಯಾರ ಜೊತೆಗೂ ಮಾತಾಡದೆ ವಾರಗಟ್ಟಲೆ ಕೂತಿರುತ್ತೆ.

ಮಗುವಿನ ವಿವರ ಪೋರ್ಟಲ್‌ನಲ್ಲಿ ಬಂದ ಮೇಲೆ 48 ಗಂಟೆಯೊಳಗೆ ಕಾಯ್ದಿರಿಸಬೇಕು. ಈಗಲೇ ಒಬ್ಬ ಮಕ್ಕಳ ಡಾಕ್ಟರನ್ನು ಗೊತ್ತುಮಾಡಿಕೊಂಡಿರಿ, ವೈದ್ಯಕೀಯ ವರದಿ ತೋರಿಸಲು ಆಗ ಹುಡುಕುತ್ತಾ ಕೂರುವುದಕ್ಕೆ ಟೈಮ್ ಇರುವುದಿಲ್ಲ. ಮಗುವಿನ ವಯಸ್ಸಿಗೆ ತಕ್ಕಂತೆ ಅದರ ಇಷ್ಟವನ್ನೂ ಕೇಳಬೇಕು ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಆರು ವರ್ಷದ ಮಗುವೂ "ಬರಲ್ಲ" ಅನ್ನಬಹುದು. ದತ್ತು ಆದೇಶ ಆದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮನೆಗೆ ಬಂದು ನೋಡುತ್ತೇವೆ. ಅದನ್ನು ತಪಾಸಣೆ ಅಂದುಕೊಳ್ಳಬೇಡಿ. ಕಷ್ಟ ಹೇಳಿಕೊಳ್ಳುವ ಜಾಗ ಅದು.

ಒಂದು ಎಚ್ಚರಿಕೆ. ಹುಟ್ಟುಹಬ್ಬಕ್ಕೆ ಊಟ ಹಾಕಿಸುವ ನೆಪದಲ್ಲಿ ಮಕ್ಕಳ ಮನೆಗೆ ಹೋಗಿ "ಆ ಮಗು ಕೊಡಿ" ಅನ್ನುವಂತಿಲ್ಲ. ಆಸ್ಪತ್ರೆಯಲ್ಲಿ, ಪರಿಚಯದವರಲ್ಲಿ "ನೇರವಾಗಿ ಕೊಡಿಸುತ್ತೇವೆ" ಎನ್ನುವವರ ಹತ್ತಿರ ಹೋಗಲೇಬೇಡಿ. ಅದು ಜೈಲಿಗೆ ಹೋಗುವ ಅಪರಾಧ.

ಒಬ್ಬ ಅಪ್ಪ, ಧಾರವಾಡ

ಅಕ್ಕಾರೆ, ನಾನು ಮದುವೆಯಾಗಿಲ್ಲ. ಒಂಟಿ ಗಂಡಸಿಗೆ ಹೆಣ್ಣು ಮಗು ಕೊಡುವುದಿಲ್ಲ, ಗಂಡು ಮಗು ಕೊಡುತ್ತಾರೆ. ನನ್ನ ಮಗ 2023ರಲ್ಲಿ ಬಂದ, ಒಂಬತ್ತು ವರ್ಷದವನು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೋರ್ಟಿನಲ್ಲಲ್ಲ, ಜಿಲ್ಲಾಧಿಕಾರಿ ಕೊಡುತ್ತಾರೆ. ಕೋರ್ಟ್ ಕಟ್ಟೆ ಹತ್ತಬೇಕು ಅಂತ ಹೆದರಿದ್ದರೆ ಆ ಹೆದರಿಕೆ ಬಿಡಿ.

ನಾನು ಹೇಳುವುದು ಶಾಲೆ ಬಗ್ಗೆ. ಓದಲು ಸರಿಯಾಗಿ ಬರುತ್ತಿರಲಿಲ್ಲ. ಶಾಲೆಯವರು ಎರಡನೇ ಕ್ಲಾಸಿಗೆ ಹಾಕೋಣ ಎಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದುಳಿದದ್ದಕ್ಕೆ ಬೇರೆ ಪಾಠ ಮಾಡಬೇಕು ಎಂದಿದೆ. ಅದನ್ನು ಪ್ರಿಂಟ್ ತೆಗೆದುಕೊಂಡು ಹೋದೆ. ನಾಲ್ಕನೇ ಕ್ಲಾಸಿಗೇ ಸೇರಿಸಿಕೊಂಡರು. ಎತ್ತರದ ಹುಡುಗ ಸಣ್ಣ ಮಕ್ಕಳ ನಡುವೆ ಕೂತು ಅವಮಾನಪಡುವುದು ತಪ್ಪಿತು. ಸಂಜೆ ಇಬ್ಬರೂ ಕಟ್ಟೆ ಮೇಲೆ ಕೂತು ಕಾಗುಣಿತದಿಂದ ಶುರುಮಾಡಿದೆವು. ಮೊದಲ ವರ್ಷ ಮಾರ್ಕ್ಸ್ ಕೇಳಲೇ ಇಲ್ಲ.

ಅವನು ರಾತ್ರಿ ಬೂಟುಗಳನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದ. ಯಾಕೆ ಎಂದು ನಾನು ಕೇಳಲಿಲ್ಲ. ದಿನಾ ಒರೆಸಿ ಅಲ್ಲೇ ಇಡುತ್ತಿದ್ದೆ.

ಎಂಟನೇ ವಯಸ್ಸಿನಲ್ಲಿ ಮಗಳಾದವಳು

ಆಂಟಿ, ನನಗೀಗ 24. ಮಗುವಿನ ಕಡೆಯಿಂದ ಮೂರೇ ಮಾತು ಹೇಳುತ್ತೇನೆ.

ಮಕ್ಕಳ ಮನೆಯಿಂದ ಹೊರಡುವಾಗ ಫೋಟೋ ಕೇಳಿ ತಗೊಳ್ಳಿ. ನನ್ನ ಹತ್ತಿರ ಎಂಟು ವರ್ಷಕ್ಕೆ ಮುಂಚಿನ ಫೋಟೋ ಒಂದೇ ಒಂದಿದೆ, ಅದರಲ್ಲೂ ನಾನು ಅರ್ಧ. ಮಗುವಿನ ಜೊತೆ ಮಲಗುತ್ತಿದ್ದ ಗೆಳತಿ ಯಾರು, ಎಣ್ಣೆ ಹಚ್ಚುತ್ತಿದ್ದ ಆಯಾ ಯಾರು ಅಂತ ಬರೆದಿಟ್ಟುಕೊಳ್ಳಿ. ಎಲ್ಲರೂ "ಮನೆ ಸಿಕ್ಕಿತು" ಎಂದು ಸಂತೋಷಪಟ್ಟರು. ನಾನು ನನ್ನ ಗೆಳತಿಯನ್ನು ಬಿಟ್ಟು ಬಂದೆ ಅಂತ ಯಾರಿಗೂ ಹೊಳೆಯಲಿಲ್ಲ. ತಿಂಗಳುಗಟ್ಟಲೆ ಒಬ್ಬಳೇ ಅತ್ತಿದ್ದೇನೆ.

"ನೀನು ಪುಣ್ಯ ಮಾಡಿದ್ದೆ, ಇಂಥ ಮನೆ ಸಿಕ್ಕಿದೆ" ಎಂದು ನೆಂಟರು ಹೇಳುತ್ತಾರೆ. ಅಲ್ಲೇ ತಡೆಯಿರಿ. ನಮ್ಮಪ್ಪ ತಡೆಯುತ್ತಿದ್ದರು. "ಪುಣ್ಯ ನಮ್ಮದು" ಎಂದು ಹೇಳುತ್ತಿರಲಿಲ್ಲ, "ಅವಳು ನಮ್ಮ ಮಗಳು, ಊಟ ಮಾಡಿ" ಎಂದು ಮಾತು ಮುಗಿಸುತ್ತಿದ್ದರು. ಹಾಗೆ ಮುಗಿಸಿದ್ದು ನನಗೆ ಎಷ್ಟು ಬಲ ಕೊಟ್ಟಿತು ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಹೆಸರು ಬದಲಾಯಿಸಬೇಡಿ.

ಕೇಳಿದವರು

ಎಲ್ಲರಿಗೂ ಕೈಮುಗಿಯುತ್ತೇನೆ. ಅತ್ತೆಯವರಿಗೆ ಎಲ್ಲವನ್ನೂ ಓದಿ ಹೇಳಿದೆ. ರೊಟ್ಟಿಯ ವಿಷಯಕ್ಕೆ ಕಣ್ಣೊರೆಸಿಕೊಂಡರು. ಈಗ ಅವರ ಪ್ರಶ್ನೆ ಹೆಸರಿನದ್ದೇ. ಜಾತಕಕ್ಕೆ, ಮನೆದೇವರಿಗೆ ಹೊಂದುವ ಹೆಸರಿಡಬೇಕು ಅಂತಾರೆ. ಏನು ಹೇಳಲಿ?

ಹದಿನೈದು ವರ್ಷದ ಮಗಳ ಅಮ್ಮ

ನಮ್ಮ ಮನೆಯಲ್ಲೂ ಇದೇ ಆಗಿತ್ತು. ಅವಳಿಗಾಗಿ ಒಂದು ಹೆಸರು ಆರಿಸಿಟ್ಟಿದ್ದೆವು. ಕರೆದರೆ ತಿರುಗುತ್ತಿರಲಿಲ್ಲ. ನಾವೂ ಜಾಸ್ತಿ ಒತ್ತಾಯ ಮಾಡಲಿಲ್ಲ, ಆದರೆ ಬಿಟ್ಟೂ ಇರಲಿಲ್ಲ.

ಮಾರನೇ ವರ್ಷ, 2018ರಲ್ಲಿ, ಮತ್ತೆ ಕಸ್ತೂರಬಾ ರಸ್ತೆಗೆ ಹೋದೆವು. ಈ ಸಲ ನಾವು ಮೂರೇ ಜನ. ಯಂತ್ರಗಳ ಮ್ಯೂಸಿಯಂ ಬೇಡ ಎಂದಳು. ಪಕ್ಕದ ಕೆಂಪು ಕಟ್ಟಡಕ್ಕೆ, ಸರ್ಕಾರಿ ಮ್ಯೂಸಿಯಂಗೆ ಹೋದೆವು. ಅಲ್ಲಿ ಆತಕೂರಿನ ಕಲ್ಲು ಇತ್ತು. ಮದ್ದೂರು ತಾಲ್ಲೂಕಿನ ಆತಕೂರು ನಮ್ಮವರ ಊರಿನ ಕಡೆ, ಹಾಗಾಗಿ ಅವರಿಗೆ ಆ ಕಥೆ ಗೊತ್ತು. ಸುಮಾರು 949ನೇ ಇಸವಿಯ ಕಲ್ಲು ಅದು. ಯುದ್ಧದಲ್ಲಿ ಮೆಚ್ಚುಗೆ ಪಡೆದ ಮಣಲರ ಎಂಬುವನಿಗೆ "ಏನು ಬೇಕೋ ಕೇಳು" ಎಂದರೆ ಅವನು ಒಂದು ಬೇಟೆನಾಯಿ ಕೇಳಿದ. ಆ ನಾಯಿ ದೊಡ್ಡ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ನಾಯಿಗಾಗಿ ಅವನು ಕಲ್ಲು ನಿಲ್ಲಿಸಿದ. ಹಂದಿ, ನಾಯಿ ಎದುರುಬದುರಾಗಿ ನಿಂತದ್ದು ಕಲ್ಲಿನಲ್ಲಿ ಕಾಣುತ್ತೆ.

ಅವಳು ಆ ಹಳೆಗನ್ನಡ ಅಕ್ಷರಗಳನ್ನೇ ನೋಡುತ್ತಾ ನಿಂತಳು. "ನಾಯಿ ಹೆಸರೂ ಬರೆದಾರೇನು?" ಎಂದು ಕೇಳಿದಳು. "ಹೂಂ, ಕಾಳಿ ಅಂತ" ಎಂದರು ನಮ್ಮವರು. "ಅವರು ತಗೊಂಡ ಮೇಲೆ ಇಟ್ಟಿದ್ದಾ, ಮೊದಲೇ ಇದ್ದಿದ್ದಾ?" ಎಂದಳು. ಇವರು "ಮೊದಲೇ ಇದ್ದಿದ್ದು" ಎಂದರು. ಅವಳು ಮತ್ತೇನೂ ಕೇಳಲಿಲ್ಲ. ಕಲ್ಲು ಮುಟ್ಟಬಾರದು ಅಂತ ಬೆರಳನ್ನು ಗಾಳಿಯಲ್ಲೇ ಅಕ್ಷರಗಳ ಮೇಲೆ ಓಡಿಸಿದಳು.

ಆ ಸಂಜೆ ನಾವಿಬ್ಬರೂ ಕೂತು ಮಾತಾಡಿದೆವು. ಶಾಲೆಯಲ್ಲಿ, ಆಧಾರ್‌ನಲ್ಲಿ ಅವಳ ಹೆಸರು ಇದ್ದ ಹಾಗೇ ಬಿಟ್ಟು, ಮುಂದೆ ನಮ್ಮ ಇನಿಷಿಯಲ್ ಮಾತ್ರ ಸೇರಿಸಿದೆವು. ಅದನ್ನೂ ಅವಳನ್ನು ಕೇಳಿಯೇ ಸೇರಿಸಿದ್ದು. ನಮ್ಮತ್ತೆಯವರಿಗೆ ಮನೆದೇವರ ಹೆಸರು ಬೇಕೇ ಬೇಕಿತ್ತು, ಅವರು ಪೂಜೆಯ ದಿನ ಮಾತ್ರ ಆ ಹೆಸರು ಹಿಡಿದು ಕರೆಯುತ್ತಾರೆ. ಅವಳೂ ಓಗೊಡುತ್ತಾಳೆ. ನಿಮ್ಮತ್ತೆಯವರಿಗೂ ಹಾಗೇ ಹೇಳಿ ನೋಡಿ.