ಕಾಂಡೋಮ್ ಪದೇ ಪದೇ ಹರಿಯುತ್ತಿದೆ, ಎರಡು ಹಾಕಿಕೊಂಡರೆ ಆಗುತ್ತಾ?

ಪ್ರಶ್ನೆ: ಮೇಡಂ, ಮದುವೆಯಾಗಿ ಎಂಟು ತಿಂಗಳಾಯ್ತು. ಈಗಲೇ ಮಗು ಬೇಡ ಅಂತ ಕಾಂಡೋಮ್ ಬಳಸುತ್ತಿದ್ದೇವೆ. ಈ ತಿಂಗಳಲ್ಲೇ ಎರಡು ಸಲ ಹರಿದುಹೋಯ್ತು, ನಿನ್ನೆ ರಾತ್ರಿ ಕೂಡ. ಹೆಂಡತಿ ತುಂಬಾ ಹೆದರಿದ್ದಾಳೆ. ಇನ್ನು ಮೇಲೆ ಒಂದರ ಮೇಲೊಂದು ಎರಡು ಹಾಕಿಕೊಳ್ಳಲಾ?

ಡಾಕ್ಟರ್: ಮೊದಲು ನಿನ್ನೆಯ ವಿಷಯ ನೋಡೋಣ, ಅದಕ್ಕೆ ಸಮಯ ಕಡಿಮೆ. ತುರ್ತು ಗರ್ಭನಿರೋಧಕ ಮಾತ್ರೆ, ಅಂದರೆ 1.5 ಮಿಲಿಗ್ರಾಂ ಲೆವೊನೋರ್ಜೆಸ್ಟ್ರೆಲ್, 72 ಗಂಟೆಯೊಳಗೆ ತೆಗೆದುಕೊಳ್ಳಬೇಕು. ತಡವಾದಷ್ಟೂ ಅದು ಕೆಲಸ ಮಾಡೋದು ಕಡಿಮೆಯಾಗುತ್ತೆ, ಹಾಗಾಗಿ ನಾಳೆ ನೋಡೋಣ ಅನ್ನಬೇಡಿ, ಇವತ್ತೇ ತಗೊಳ್ಳಲಿ. ಈ ಸಲ ಮುಟ್ಟು ಒಂದೆರಡು ದಿನ ಹಿಂದೆಮುಂದೆ ಆದರೆ ಗಾಬರಿ ಬೇಡ, ಮೂರು ವಾರ ಬಿಟ್ಟು ಮನೆಯಲ್ಲೇ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ.

ಎರಡು ಮಾತ್ರ ಖಂಡಿತ ಹಾಕಬೇಡಿ. ಒಂದಕ್ಕೊಂದು ಉಜ್ಜಿ ಇನ್ನೂ ಬೇಗ ಹರಿಯುತ್ತೆ. ಪ್ಯಾಕೆಟ್ ಎಲ್ಲಿಟ್ಟಿರುತ್ತೀರಿ? ಜಾರಲಿ ಅಂತ ಏನಾದರೂ ಹಚ್ಚುತ್ತೀರಾ?

ಪ್ರಶ್ನೆ ಕೇಳಿದವರು: ಪರ್ಸ್‌ನಲ್ಲೇ ಇರುತ್ತೆ ಮೇಡಂ. ಅವಳಿಗೆ ನೋವಾಗುತ್ತೆ ಅಂತ ಕೊಬ್ಬರಿ ಎಣ್ಣೆ ಹಚ್ಚುತ್ತೇವೆ.

ಡಾಕ್ಟರ್: ಕಾರಣ ಅಲ್ಲೇ ಇದೆ ನೋಡಿ. ಎಣ್ಣೆ, ವ್ಯಾಸಲೀನ್, ಬಾಡಿ ಲೋಷನ್ ಯಾವುದೇ ಆಗಲಿ, ಲ್ಯಾಟೆಕ್ಸ್ ರಬ್ಬರನ್ನು ಕೆಲವೇ ನಿಮಿಷದಲ್ಲಿ ದುರ್ಬಲ ಮಾಡುತ್ತೆ. ನೀರಿನ ಅಂಶದ ಅಥವಾ ಸಿಲಿಕೋನ್ ಜೆಲ್ ಬಳಸಿ. ಪರ್ಸ್‌ನಲ್ಲಿ ಮೈಶಾಖಕ್ಕೆ, ತಿಕ್ಕಾಟಕ್ಕೆ ರಬ್ಬರ್ ಹಾಳಾಗುತ್ತೆ. ಬಿಚ್ಚುವ ಮೊದಲು ತಾರೀಖು ನೋಡಿ, ಪ್ಯಾಕೆಟ್ಟನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ. ಒಳಗೆ ಗಾಳಿ ತುಂಬಿದ ಹಾಗೆ ಮೆತ್ತಗೆ ಅನಿಸಬೇಕು, ಚಪ್ಪಟೆಯಾಗಿದ್ದರೆ ಬಿಸಾಕಿ. ಹಲ್ಲಲ್ಲಿ ಕಚ್ಚಿ ಹರಿಯಬೇಡಿ. ತುದಿಯನ್ನು ಚಿವುಟಿ ಹಿಡಿದು ಗಾಳಿ ತೆಗೆದು, ಆಮೇಲೆ ಬುಡದವರೆಗೂ ಸುರುಳಿ ಬಿಡಿಸಿ. ಸುರುಳಿ ಬಿಚ್ಚಿಕೊಳ್ಳದಿದ್ದರೆ ಉಲ್ಟಾ ಹಾಕಿದ್ದೀರಿ ಅಂತ ಅರ್ಥ. ಅದನ್ನೇ ತಿರುಗಿಸಿ ಹಾಕಬೇಡಿ, ಹೊಸದು ತಗೊಳ್ಳಿ, ಯಾಕಂದ್ರೆ ಅದರ ಹೊರಮೈಗೆ ಆಗಲೇ ವೀರ್ಯ ತಗುಲಿರಬಹುದು. ಮುಗಿದ ತಕ್ಷಣ, ಸಡಿಲವಾಗುವ ಮೊದಲೇ, ಬುಡವನ್ನು ಹಿಡಿದುಕೊಂಡು ಹೊರತೆಗೆಯಿರಿ.

ಪ್ರತಿ ಸಲ ಸರಿಯಾಗಿ ಬಳಸಿದರೆ ವರ್ಷಕ್ಕೆ 100 ಜೋಡಿಗಳಲ್ಲಿ ಸುಮಾರು 2 ಜೋಡಿಗೆ ಮಾತ್ರ ಗರ್ಭ ನಿಲ್ಲುತ್ತೆ. ಜನ ಸಾಮಾನ್ಯವಾಗಿ ಬಳಸೋ ರೀತಿಯಲ್ಲಿ ಅದು 13. ಇಷ್ಟು ವ್ಯತ್ಯಾಸ ಬರೋದು ಇಂಥ ಸಣ್ಣಪುಟ್ಟ ತಪ್ಪುಗಳಿಂದ, ಮತ್ತೆ ‘ಇವತ್ತೊಂದಿನ ಬೇಡ ಬಿಡು’ ಅನ್ನೋದರಿಂದ.

ಇನ್ನೊಂದು ಮಾತು. ಹೆಂಡತಿಗೆ ನೋವಾಗುತ್ತೆ ಅಂದಿರಿ. ಅವಸರ ಮಾಡಬೇಡಿ, ಅವರು ಬೇಡ ಅಂದಾಗ ನಿಲ್ಲಿಸಿ. ಜೆಲ್ ಹಚ್ಚಿದ ಮೇಲೂ ನೋವಿದ್ದರೆ ಸುಮ್ನೆ ಸಹಿಸಿಕೊಳ್ಳೋದು ಬೇಡ, ಪರೀಕ್ಷೆ ಮಾಡಿಸಿ. ಸೋಂಕಿರಬಹುದು, ಲ್ಯಾಟೆಕ್ಸ್ ಅಲರ್ಜಿಯೂ ಇರಬಹುದು. ಅಲರ್ಜಿ ಇದ್ದರೆ ಪಾಲಿಯುರೇಥೇನ್ ಕಾಂಡೋಮ್ ಸಿಗುತ್ತೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾನು ಕಾಪರ್-ಟಿ ಹಾಕಿಸಿಕೊಂಡಿದ್ದೇನೆ. ಹೊಸ ಸಂಬಂಧ. ಆದರೂ ಕಾಂಡೋಮ್ ಬೇಕಾ? ಕೇಳಿದರೆ ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂತಾರೆ.

ಡಾಕ್ಟರ್: ಬೇಕಮ್ಮಾ. ಕಾಪರ್-ಟಿ ಗರ್ಭ ತಡೆಯುತ್ತೆ ಅಷ್ಟೇ, ಎಚ್‌ಐವಿ, ಗೊನೋರಿಯಾ, ಕ್ಲಮೈಡಿಯಾ ತಡೆಯಲ್ಲ. ಇದರಲ್ಲಿ ಎಷ್ಟೋ ಸೋಂಕುಗಳಿಗೆ ಲಕ್ಷಣವೇ ಇರಲ್ಲ, ಹಾಗಾಗಿ ಅವರಿಗೂ ಗೊತ್ತಿರಲ್ಲ. ಇದರಲ್ಲಿ ನಂಬಿಕೆಯ ಮಾತೇ ಬರಲ್ಲ ಅಲ್ವಾ? ಇಬ್ಬರೂ ಒಟ್ಟಿಗೆ ಹೋಗಿ ಟೆಸ್ಟ್ ಮಾಡಿಸಿ, ಅಲ್ಲಿವರೆಗೆ ಪ್ರತಿ ಸಲವೂ ಕಾಂಡೋಮ್ ಇರಲಿ. ಗುಳ್ಳೆ ಬರಿಸೋ ಹರ್ಪಿಸ್, ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್, ಇವು ಚರ್ಮ ತಾಗಿದರೂ ಬರುತ್ತವೆ, ಅವಕ್ಕೆ ಕಾಂಡೋಮ್ ಪೂರ್ತಿ ರಕ್ಷಣೆ ಕೊಡಲ್ಲ. ಎಚ್‌ಪಿವಿಗೆ ಲಸಿಕೆ ಇದೆ, ಅದನ್ನೂ ಡಾಕ್ಟರ್ ಹತ್ತಿರ ಕೇಳಿ. ಅಕಸ್ಮಾತ್ ಹರಿದು, ಅವರಿಗೆ ಎಚ್‌ಐವಿ ಇರಬಹುದು ಅನ್ನೋ ಅನುಮಾನ ಬಂದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿ ಎಚ್‌ಐವಿ ಅಂಟದಂತೆ ತಡೆಯೋ ‘ಪೆಪ್’ ಔಷಧಿ ಕೇಳಿ. 28 ದಿನದ ಕೋರ್ಸ್ ಅದು.