ಕ್ಲೇಗೂ ಶಿಕಾರಿಗೂ ಒಂದೇ ಸೆಮಿ ಆಟೋ ಕೋವಿ: ಗ್ಯಾಸೋ ಇನರ್ಷಿಯಾನೋ?

ಹೊಸಕೋವಿ:
12 ಬೋರಿನ ಸೆಮಿ ಆಟೋ ಒಂದನ್ನು ತಗೊಂಡು ಎಲ್ಲಕ್ಕೂ ಅದನ್ನೇ ಬಳಸುವ ಯೋಚನೆ. ವಾರಕ್ಕೆ 100ರಿಂದ 150 ಕ್ಲೇ (ಗಾಳಿಗೆ ಹಾರಿಸಿ ಹೊಡೆಯುವ ಮಣ್ಣಿನ ತಟ್ಟೆ), ಹೆಚ್ಚಿನವು 24 ಮತ್ತು 28 ಗ್ರಾಂ ಚರೆಯ ತೋಟಾ. ಸೀಸನ್‌ನಲ್ಲಿ ಫೆಸೆಂಟ್ ಮತ್ತು ಬಾತು; ಅದಕ್ಕೆ 32ರಿಂದ 36 ಗ್ರಾಂ, ಬಾತಿಗೆ ಸ್ಟೀಲ್ ಚರೆ. ಬೆರೆಟಾ ಎ400 ಎಕ್ಸ್‌ಪ್ಲೋರ್, ಬೆನೆಲಿ ಎಂ2, ಫ್ರಾಂಕಿ ಅಫಿನಿಟಿ, ಇಲ್ಲವೇ ಕೈ ಬದಲಾದ ರೆಮಿಂಗ್ಟನ್ 1100, ಈ ನಾಲ್ಕರಲ್ಲಿ ಒಂದು. ಹಗುರ ತೋಟಾಕ್ಕೂ ತಡವರಿಸದೆ ಓಡೋದು ಯಾವುದು? 89 ಮಿ.ಮೀ. ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಬೇಕಾಗುತ್ತಾ? ನಳಿಗೆ ಎಷ್ಟು ಉದ್ದ ಇರಲಿ?

ಜೋಡುನಳಿಗೆ:
ಬ್ರ್ಯಾಂಡ್ ಪಕ್ಕಕ್ಕಿಡಿ. ನೀವು ಹಾರಿಸುವ ಅತಿ ಹಗುರ ತೋಟಾ ಯಾವುದು ಅನ್ನೋದೇ ಇಲ್ಲಿ ನಿರ್ಧಾರ ಮಾಡಬೇಕು. ನಿಮ್ಮದು 24 ಗ್ರಾಂ, ಅದೂ ವಾರವಾರ. ಹಾಗಾಗಿ ನನ್ನ ಮತ ಗ್ಯಾಸ್ ಕಡೆಗೆ.

ಗ್ಯಾಸ್ ಕೋವಿಯಲ್ಲಿ ನಳಿಗೆಯ ಅಡಿಗಿರುವ ರಂಧ್ರಗಳಿಂದ ಸ್ವಲ್ಪ ಅನಿಲ ಇಳಿದು ಪಿಸ್ಟನ್ ತಳ್ಳುತ್ತೆ, ಪಿಸ್ಟನ್ ಬೋಲ್ಟನ್ನು (ಚೇಂಬರಿನ ಹಿಂಬದಿ ಮುಚ್ಚುವ, ಖಾಲಿ ತೋಟಾ ಹೊರಹಾಕಿ ಮುಂದಿನದನ್ನು ತುಂಬುವ ಭಾಗ) ಹಿಂದಕ್ಕೆ ಒಯ್ಯುತ್ತೆ. ಎ400ರಂಥ ಈಗಿನ ಕೋವಿಗಳಲ್ಲಿ ಹೆಚ್ಚಾದ ಅನಿಲವನ್ನು ಹೊರಬಿಡುವ ಕವಾಟ ಇರೋದರಿಂದ 24 ಗ್ರಾಮಿಗೆ ಸಾಕಾಗುವಷ್ಟು ದೊಡ್ಡ ರಂಧ್ರ ಇಟ್ಟರೂ ಭಾರದ ತೋಟಾ ಬೋಲ್ಟನ್ನು ಬಡಿದು ಹಾಳು ಮಾಡಲ್ಲ. ಒದೆತವೂ ಒಂದೇ ಏಟಿಗೆ ಬೀಳದೆ ಹರಡಿಕೊಳ್ಳುತ್ತೆ. 150 ಈಡು ಹೊಡೆಯೋ ದಿನ ಇದು ಸಣ್ಣ ವಿಷಯವಲ್ಲ. ಭುಜ ಸೋತರೆ ಕುದುರೆ (ಟ್ರಿಗರ್) ಎಳೆಯುವಾಗ ಮೈ ಬೆಚ್ಚೋದು ಶುರುವಾಗುತ್ತೆ, ಆ ಅಭ್ಯಾಸ ಬಿಡಿಸೋದು ಬಹಳ ಕಷ್ಟ.

ಎಂ2 ಮತ್ತು ಅಫಿನಿಟಿ ಇನರ್ಷಿಯಾದವು. ಈಡು ಬಿದ್ದಾಗ ಕೋವಿ ಹಿಂದಕ್ಕೆ ಚಿಮ್ಮುತ್ತೆ, ಭಾರದ ಬೋಲ್ಟ್ ಇದ್ದಲ್ಲೇ ಉಳಿಯುತ್ತೆ, ನಡುವಿನ ಗಟ್ಟಿ ಸ್ಪ್ರಿಂಗ್ ಅಮುಕಿಕೊಳ್ಳುತ್ತೆ. ಆ ಸ್ಪ್ರಿಂಗ್ ಬಿಚ್ಚಿಕೊಂಡಾಗ ಬೋಲ್ಟ್ ಹಿಂದಕ್ಕೆ ಓಡುತ್ತೆ. ಅಂದರೆ ಯಂತ್ರ ನಡೆಯೋದೇ ಒದೆತದಿಂದ. ತೋಟಾ ಹಗುರವಾದಷ್ಟೂ, ಕೋವಿ ಭಾರವಾದಷ್ಟೂ ಒದೆತ ಕಡಿಮೆ. ನಳಿಗೆಯ ಕೆಳಗೆ ತೋಟಾ ತುಂಬುವ ಮ್ಯಾಗಜೀನ್ ಕೊಳವೆಗೆ ತೂಕ ಸೇರಿಸಿದಿರಾ, ಬೋಲ್ಟ್ ಓಡಾಡುವ ಪೆಟ್ಟಿಗೆಯಾದ ರಿಸೀವರ್ ಪಕ್ಕ ತೋಟಾಪಟ್ಟಿ ಹಾಕಿದಿರಾ, ಅಲ್ಲಿಯವರೆಗೆ ಸರಿಯಾಗಿ ನಡೀತಿದ್ದ 24 ಗ್ರಾಂ ತೋಟಾ ಮರುದಿನವೇ ಅರ್ಧಕ್ಕೆ ನಿಲ್ಲಬಹುದು.

89 ಮಿ.ಮೀ. ಬೇಡವೇ ಬೇಡ. ಅಷ್ಟುದ್ದದ ತೋಟಾಕ್ಕಾಗಿ ಬೋಲ್ಟ್ ಹೆಚ್ಚು ದೂರ ಓಡಬೇಕು, ಹಗುರ ತೋಟಾಕ್ಕೆ ಅದೇ ತೊಡಕು. 76 ಮಿ.ಮೀ. ಚೇಂಬರಿನಲ್ಲಿ 70 ಮಿ.ಮೀ. ತೋಟಾವೂ ಸಲೀಸಾಗಿ ನಡೆಯುತ್ತೆ, ಬಾತಿಗೂ ಸಾಕು.

ಎಣ್ಣೆಬಟ್ಟೆ:
ಮೇಲೆ ಹೇಳಿದ್ದು ಕ್ಲೇ ಮಟ್ಟಿಗೆ ಸರಿ. ಆದರೆ ಜೌಗು, ಮಳೆ, ಕೆಸರು ಅಂದರೆ ನಾನು ಇನರ್ಷಿಯಾ ಪಕ್ಷ. ಮಸಿಯೆಲ್ಲ ನಳಿಗೆಯ ಬಾಯಿಂದಲೇ ಹೊರಟುಹೋಗುತ್ತೆ, ಒಳಗೆ ಬಿಚ್ಚಬೇಕಾದ ಭಾಗಗಳೂ ಕಡಿಮೆ. 28 ಗ್ರಾಮಿಗಿಂತ ಕೆಳಗಿಳಿಯದವರಿಗೆ ಎಂ2 ಸಾಕು. ಹೊಸದರಲ್ಲಿ ಬಿಗಿಯಾಗಿರುತ್ತೆ, ಮೊದಲು ಕೆಲವು ಪೆಟ್ಟಿಗೆ 32 ಗ್ರಾಮಿನ ವೇಗದ ತೋಟಾ ಹಾರಿಸಿ, ಆಮೇಲೆ ಹಗುರದಕ್ಕೆ ಇಳಿಯಿರಿ.

ಇನರ್ಷಿಯಾದಲ್ಲಿ ಒಂದು ತೊಂದರೆ ಗೊತ್ತಿರಲೇಬೇಕು. ಸದ್ದಾಗಬಾರದು ಅಂತ ಬೋಲ್ಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಿದರೆ, ಅಥವಾ ತುಂಬಿದ ಕೋವಿಯ ಬುಡ ನೆಲಕ್ಕೆ ಕುಕ್ಕಿದರೆ, ಬೋಲ್ಟಿನ ತಲೆ ಪೂರ್ತಿ ತಿರುಗಿ ಕೂರಲ್ಲ. ಕುದುರೆ ಎಳೆದರೆ ಬರೀ 'ಟಿಕ್'. ಹಕ್ಕಿ ಹೋಯಿತು. ಬೋಲ್ಟನ್ನು ಯಾವಾಗಲೂ ಗುಂಡಿ ಒತ್ತಿ ತಾನಾಗಿ ಬಡಿದುಕೊಳ್ಳೋಕೆ ಬಿಡಿ, ಆಮೇಲೆ ಅದರ ಹಿಡಿಕೆಯನ್ನು ಬೆರಳಲ್ಲಿ ಮುಂದಕ್ಕೆ ಒಮ್ಮೆ ತಳ್ಳಿ ನೋಡಿ. ಹಾಗೆ ಮಾಡಿದರೂ ಟಿಕ್ ಬರ್ತಿದ್ದರೆ ರಿಟರ್ನ್ ಸ್ಪ್ರಿಂಗ್ ಸೋತಿದೆ, ಇಲ್ಲವೇ ಅದರ ಕೊಳವೆಯಲ್ಲಿ ತುಕ್ಕು, ಅಂಟೆಣ್ಣೆ ಕಟ್ಟಿದೆ. ಎಂ2ನಲ್ಲಿ ಆ ಸ್ಪ್ರಿಂಗ್ ಸ್ಟಾಕಿನ (ಭುಜಕ್ಕೆ ಒರಗಿಸುವ ಹಿಂಭಾಗದ) ಒಳಗಿದೆ. ನೀರು ಅಲ್ಲಿಗೆ ಇಳಿದರೆ ಹೊರಗಿಂದ ಕಾಣೋದೇ ಇಲ್ಲ. ಅಫಿನಿಟಿಯಲ್ಲಿ ಅದು ಮ್ಯಾಗಜೀನ್ ಕೊಳವೆಯ ಸುತ್ತ, ಮುಂಗೈ ಮರ ಬಿಚ್ಚಿದರೆ ಕೈಗೇ ಸಿಗುತ್ತೆ. ಬಾತಿಗೆ ಹೋಗುವವರಿಗೆ ಇದೊಂದೇ ಕಾರಣಕ್ಕೆ ಅಫಿನಿಟಿ ಒಳ್ಳೆಯದು ಅನ್ನಬಹುದು.

ಗ್ಯಾಸ್ ತಗೊಂಡರೆ 300ರಿಂದ 500 ಈಡಿಗೊಮ್ಮೆ ಪಿಸ್ಟನ್, ಗ್ಯಾಸ್ ರಂಧ್ರ, ಮ್ಯಾಗಜೀನ್ ಕೊಳವೆಯ ಹೊರಮೈ ತೊಳೆಯಿರಿ. ಪಿಸ್ಟನ್ನಿಗೆ ಎಣ್ಣೆ ಸುರಿಯಬೇಡಿ, ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸಿದಷ್ಟು ಸಾಕು. ಹೆಚ್ಚಾದ ಎಣ್ಣೆ ಮಸಿಯೊಡನೆ ಬೆಂದು ಕಲ್ಲಾಗುತ್ತೆ. ಎಣ್ಣೆ ಬೇಕಾದದ್ದು ಬೋಲ್ಟ್ ಜಾರುವ ಹಳಿಗಳಿಗೆ, ಅಲ್ಲೂ ತೆಳುವಾಗಿ. ಗಟ್ಟಿ ಗ್ರೀಸು ಚಳಿಯಲ್ಲಿ ಬೋಲ್ಟನ್ನೇ ನಿಧಾನ ಮಾಡುತ್ತೆ.

ಖಾಲಿ ತೋಟಾ ಚೇಂಬರಿನಲ್ಲೇ ಕಚ್ಚಿಕೊಂಡರೆ ತಕ್ಷಣ ಕೋವಿಯನ್ನು ಬೈಯಬೇಡಿ. ಅಗ್ಗದ ಕ್ಲೇ ತೋಟಾಗಳ ಬುಡ ಹಿತ್ತಾಳೆ ಬಣ್ಣದ ಉಕ್ಕಿನದು. ಹಿಗ್ಗಿದ್ದು ಹಿತ್ತಾಳೆಯಷ್ಟು ಬೇಗ ಕುಗ್ಗಲ್ಲ, ಗೋಡೆಗೆ ಹಿಡಿದುಬಿಡುತ್ತೆ. ಕಂಚಿನ ಬ್ರಷ್ಷಿಗೆ ದ್ರಾವಣ ಹಚ್ಚಿ ಚೇಂಬರಿನೊಳಗೆ ತಿರುಗಿಸಿ, ಕರಗಿದ ಪ್ಲಾಸ್ಟಿಕ್ ತೆಗೆಯಿರಿ. ಬಹಳಷ್ಟು ಸಲ ಅಷ್ಟಕ್ಕೇ ಸರಿಹೋಗುತ್ತೆ. ಅದೇ ಖಾಲಿ ತೋಟಾ ಅರ್ಧ ಹೊರಬಂದು ಬೋಲ್ಟಿನ ಬಾಯಲ್ಲಿ ಸಿಕ್ಕಿದ್ದರೆ ಕತೆ ಬೇರೆ: ಬೋಲ್ಟ್ ಪೂರ್ತಿ ಹಿಂದೆ ಹೋಗಿಲ್ಲ. ತೋಟಾ ಹಗುರ, ಇಲ್ಲ ಮಸಿ, ಇಲ್ಲ ಒಣಗಿದ ಹಳಿ.

ಚರೆಚೀಲ:
ಯಂತ್ರದ ಮಾತು ಸಾಕಷ್ಟಾಯಿತು. ಮೈಗೆ ಹೊಂದದ ಕೋವಿ ಎಷ್ಟು ಚೆನ್ನಾಗಿ ಓಡಿದರೂ ಹೊಡೆಯೋದು ಬೇರೆ ಕಡೆಗೇ. ಖಾಲಿ ಅಂತ ಎರಡು ಸಲ ನೋಡಿಕೊಂಡು, ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕಣ್ಣು ಬಿಡಿ. ರಿಬ್ಬಿನ (ನಳಿಗೆಯ ಮೇಲಿನ ಪಟ್ಟಿಯ) ಮೇಲ್ಮೈ ಕೊಂಚವೇ ಕಂಡು, ಮುಂದಿನ ಮಣಿ ನಟ್ಟನಡುವೆ ಇರಬೇಕು. ರಿಸೀವರಿನ ಬೆನ್ನಷ್ಟೇ ಕಂಡರೆ ಸ್ಟಾಕ್ ತಗ್ಗಾಗಿದೆ. ಹೊಸ ಎ400, ಎಂ2, ಅಫಿನಿಟಿ ಮೂರರ ಜೊತೆಗೂ ಸ್ಟಾಕಿನ ಬುಡಕ್ಕೆ ಹಾಕುವ ಶಿಮ್ ತಟ್ಟೆಗಳು ಬರುತ್ತವೆ, ಇಳಿತ ಮತ್ತು ಪಕ್ಕವಾಲು ಎರಡನ್ನೂ ತಿದ್ದಬಹುದು. ಆಮೇಲೆ ಸುಮಾರು 15 ಮೀಟರಿನಿಂದ ಕಾಗದಕ್ಕೆ ಹೊಡೆಯಿರಿ. ಗುರಿಯಿಂದ 2.5 ಸೆಂ.ಮೀ. ಸರಿದಿದ್ದರೆ ಕೆನ್ನೆ ತಾಗುವ ಕಡೆ ಸುಮಾರು 1.6 ಮಿ.ಮೀ. ತಿದ್ದುಪಡಿ ಬೇಕು ಅನ್ನೋದು ಹಳೆಯ, ಇಂದಿಗೂ ನಡೆಯುವ ಲೆಕ್ಕ.

ನಳಿಗೆ 28 ಇಂಚು, ಅಂದರೆ 71 ಸೆಂ.ಮೀ. ಸೆಮಿ ಆಟೋದ ರಿಸೀವರೇ ಉದ್ದ ಇರೋದರಿಂದ ಒಟ್ಟು ಉದ್ದದಲ್ಲಿ ಇದು 30 ಇಂಚಿನ ಜೋಡುನಳಿಗೆ ಕೋವಿಯನ್ನೂ ಮೀರುತ್ತೆ. ಪೊದೆಯ ಶಿಕಾರಿಯೇ ಹೆಚ್ಚಾದರೆ ಮಾತ್ರ 26.

ಕ್ಲೇಗೆ 7½ ಅಥವಾ 8ನೇ ನಂಬರ್ ಚರೆ. ಚೋಕ್ ಅಂದರೆ ನಳಿಗೆಯ ಬಾಯಿಯ ಇಕ್ಕಟ್ಟು: ಹತ್ತಿರದ ಗುರಿಗೆ ಸಡಿಲವಾದ ಇಂಪ್ರೂವ್ಡ್ ಸಿಲಿಂಡರ್ ಚೋಕ್, ದೂರಕ್ಕೆ ಅದಕ್ಕಿಂತ ಬಿಗಿಯಾದ ಮಾಡಿಫೈಡ್. ಸ್ಟೀಲ್ ಚರೆ ಸೀಸದಂತೆ ಮೆತ್ತಗಲ್ಲ, ಇಕ್ಕಟ್ಟಿನಲ್ಲಿ ನಜ್ಜುಗುಜ್ಜಾಗಿ ದಾರಿ ಬಿಡಲ್ಲ. ಹಾಗಾಗಿ ಮಾಡಿಫೈಡಿಗಿಂತ ಬಿಗಿಯಾದ ಚೋಕ್ ಬೇಡ, ಚೋಕಿನ ಮೇಲೆ ಸ್ಟೀಲಿಗೆ ಆಗುತ್ತೆ ಅಂತ ಬರೆದಿದ್ದರೆ ಹೊರತು. ಸ್ಟೀಲ್ ಹಗುರ, ಸೀಸದಲ್ಲಿ 4ನೇ ನಂಬರ್ ಬಳಸುವ ಕಡೆ ಎರಡು ಅಳತೆ ದಪ್ಪದ 2ನೇ ನಂಬರ್ ಹಾಕಿ.

ಹೊಸಕೋವಿ:
24 ಗ್ರಾಂ ಬಿಡಕ್ಕಾಗಲ್ಲ, ಹಾಗಾಗಿ ಗ್ಯಾಸೇ ಸರಿ. ಹಳೆಯ 1100 ನೋಡುವಾಗ ಏನೇನು ಗಮನಿಸಬೇಕು?

ಜೋಡುನಳಿಗೆ:
ಮೊದಲು ನಳಿಗೆಯ ಮೇಲಿನ ಬರಹ. 1963ರಲ್ಲಿ ಬಂದ ಈ ಮಾದರಿಗೆ ಅನಿಲ ಹೊಂದಿಸುವ ಕವಾಟ ಇಲ್ಲ, ಒತ್ತಡ ತೀರ್ಮಾನವಾಗೋದು ನಳಿಗೆಯ ರಂಧ್ರದಿಂದಲೇ. 76 ಮಿ.ಮೀ. ಮ್ಯಾಗ್ನಂ ನಳಿಗೆ ಹಾಕಿದ್ದರೆ 24 ಗ್ರಾಂ ನಡೆಯುತ್ತೆ ಅಂತ ನಂಬಬೇಡಿ. 70ರ ನಳಿಗೆಗೆ 76ರ ತೋಟಾ ಹಾಕಲೇಬಾರದು. ಹಳೆಯ ಫುಲ್ ಚೋಕ್ (ಮಾಡಿಫೈಡಿಗಿಂತ ಬಿಗಿ) ನಳಿಗೆಯಲ್ಲಿ ಸ್ಟೀಲ್ ಚರೆಯೂ ಬೇಡ. ಬಾತಿಗೆ ಈ ಕೋವಿ ನಿಮಗೆ ಆಗದಿರಲು ಅದೇ ದೊಡ್ಡ ಕಾರಣ.

ಆಮೇಲೆ ಮುಂಗೈ ಮರ ಬಿಚ್ಚಿ ಒಳಗೆ ಸೀಳಿದೆಯಾ ನೋಡಿ. ಮ್ಯಾಗಜೀನ್ ಕೊಳವೆಯ ಮೇಲಿರುವ ರಬ್ಬರ್ ಉಂಗುರ ಬಿರುಕುಬಿಟ್ಟಿದ್ದರೆ ಅನಿಲ ಸೋರಿ ಬೋಲ್ಟ್ ಅರ್ಧಕ್ಕೆ ನಿಲ್ಲುತ್ತೆ. ಇದು ರೋಗವಲ್ಲ, ಸವೆಯುವ ಭಾಗ, ಚೀಲದಲ್ಲಿ ಎರಡು ಸದಾ ಇರಲಿ. ಬೋಲ್ಟನ್ನು ಕೈಯಲ್ಲಿ ಎಳೆದು ನೋಡಿದರೆ ಗ್ಯಾಸ್ ಭಾಗದ ಬಗ್ಗೆ ಏನೂ ತಿಳಿಯಲ್ಲ. ಒಂದು ಪೆಟ್ಟಿಗೆ, ಅಂದರೆ 25 ತೋಟಾ, ನಿಮ್ಮದೇ 24 ಗ್ರಾಮಿನದು ಹಾರಿಸಿ. ಮೊದಮೊದಲು ಮ್ಯಾಗಜೀನಿಗೆ ಒಂದೇ ತೋಟಾ ಹಾಕಿ ಹೊಡೆಯಿರಿ: ಖಾಲಿ ತೋಟಾ ಹೊರಬಿದ್ದು ಬೋಲ್ಟ್ ಹಿಂದೆಯೇ ತೆರೆದು ನಿಲ್ಲಬೇಕು. ಮುಚ್ಚಿಕೊಂಡರೆ ಓಟ ಸಾಲದು, ಉಂಗುರ ಬದಲಿಸಿ ಇನ್ನೊಮ್ಮೆ ನೋಡಿ. ಆಗಲೂ ಮುಚ್ಚಿಕೊಂಡರೆ ವಾಪಸ್ ಕೊಟ್ಟು ಎ400 ತಗೊಳ್ಳಿ.